ಕಟ್ಟೆ ಮೇಲಿನ ಪುಟ್ಟ ಡಿಶ್‌ವಾಷರ್: ಬಳ್ಳಾರಿ ನೀರಿನಲ್ಲಿ 14 ತಿಂಗಳು

ಮೊದಲೇ ಹೇಳಿಬಿಡುತ್ತೇನೆ, ಈ ಮಷೀನು ನಮಗೆ ಇಷ್ಟವಾಗಿದೆ. 2024ರ ಜನವರಿಯಲ್ಲಿ ತಂದಿದ್ದು, 14 ತಿಂಗಳಿಂದ ಹೆಚ್ಚುಕಡಿಮೆ ದಿನಾ ರಾತ್ರಿ ಓಡುತ್ತಿದೆ. ಆದರೆ ಮೊದಲ ಎರಡು ತಿಂಗಳು ನಾನು ಪಟ್ಟ ಪಾಡನ್ನು ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಇನ್ನೊಬ್ಬರು ಪಡಬಾರದು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ತಗೊಳ್ಳೋ ಮುಂಚೆ ನಾನು ನೋಡಿದ ವಿಡಿಯೋಗಳೆಲ್ಲ ದೊಡ್ಡ ಊರಿನವರವು. ಅವರು ಹೇಳಿದ್ದು ಸುಳ್ಳಲ್ಲ, ಆದರೆ ಅವರ ನಲ್ಲಿಯಲ್ಲಿ ಬರುವ ನೀರು ಬೇರೆ, ನಮ್ಮದು ಬೇರೆ. ಯಾವ ಕಂಪನಿ ಒಳ್ಳೇದು ಅಂತ ಎಲ್ಲರೂ ಕೇಳುತ್ತಾರೆ. ನಮ್ಮ ಕಡೆ ಮೊದಲು ಕೇಳಬೇಕಾದದ್ದು ನಮ್ಮ ನೀರು ಎಂಥದ್ದು ಅಂತ. ನಾನು ಕಂಪನಿ ಹೆಸರು ಬರೆಯುವುದಿಲ್ಲ. ಈ ಅಳತೆಯ ಮಷೀನುಗಳು ಒಳಗೆ ಬಹುಪಾಲು ಒಂದೇ ತರಹ ಇರುತ್ತವೆ, ನಮಗೆ ಬಂದ ತೊಂದರೆಗಳು ಯಾವ ಹೆಸರಿನದಕ್ಕೂ ಬರುವಂಥವು.

ನಮ್ಮದು ಗಾಂಧಿನಗರದಲ್ಲಿ ಎರಡು ಬೆಡ್‌ರೂಮಿನ ಅಪಾರ್ಟ್‌ಮೆಂಟ್, ಮೂರನೇ ಮಹಡಿ, ಅದರ ಮೇಲೆ ಟೆರೇಸ್. ಅಡುಗೆಮನೆ 8 ಅಡಿಗೆ 6 ಅಡಿ. ನಾನು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ನಮ್ಮ ಮನೆಯವರಿಗೆ ತೋರಣಗಲ್ಲಿನಲ್ಲಿ ಶಿಫ್ಟ್ ಕೆಲಸ, ಜೊತೆಗೆ ಅತ್ತೆ, ಮಗ. ಪಾತ್ರೆಗೆ ಬರುತ್ತಿದ್ದ ಅಕ್ಕ ಪ್ರತಿ ವರ್ಷ ಜನವರಿ ಬಂತೆಂದರೆ ಮೆಣಸಿನಕಾಯಿ ಬಿಡಿಸೋಕೆ ಊರಿಗೆ ಹೋಗುತ್ತಾರೆ. ಅಲ್ಲಿ ಕೂಲಿ ಜಾಸ್ತಿ, ಹೋಗಲೇಬೇಕು. ಆ ಎರಡು ತಿಂಗಳು ರಾತ್ರಿ ಹತ್ತು ಗಂಟೆಗೆ ಸಿಂಕ್ ತುಂಬ ಮುಸುರೆ, ಅದರ ಮುಂದೆ ಅತ್ತೆ. ಅವರ ಬೆರಳ ಸಂದುಗಳು ಸೋಪಿನ ಪುಡಿಗೆ ಬಿರುಕು ಬಿಟ್ಟು ರಕ್ತ ಬರುತ್ತಿತ್ತು. ಗ್ಲೌಸ್ ಹಾಕಿಕೊಳ್ಳಿ ಅಂದರೆ ತಟ್ಟೆ ಜಾರುತ್ತೆ ಅಂತ ಬಿಟ್ಟುಬಿಡುತ್ತಿದ್ದರು. ಆ ಬೆರಳು ನೋಡಿಯೇ ನಾವು ತೀರ್ಮಾನ ಮಾಡಿದ್ದು.

ಮೊದಲು ಜಾಗದ ಮಾತು. ಇದು 8 ಪ್ಲೇಸ್ ಸೆಟ್ಟಿಂಗ್‌ನ, ಅಂದರೆ ಕಂಪನಿಯವರ ಲೆಕ್ಕದಲ್ಲಿ ಎಂಟು ಜನರ ತಟ್ಟೆ ಹಿಡಿಯುವ ಮಷೀನು. ಅಗಲ 55 ಸೆಂಟಿಮೀಟರ್, ಆಳ 50, ಎತ್ತರ ಸುಮಾರು 60. ನಮ್ಮ ಕಟ್ಟೆ ಎರಡು ಅಡಿ ಅಗಲ ಇದೆ, ಆದ್ದರಿಂದ ಕೂತಿತು. ಹಿಂದೆ ಪೈಪಿಗೆ ನಾಲ್ಕು ಬೆರಳು ಜಾಗ ಬಿಡಬೇಕು, ಇಲ್ಲದಿದ್ದರೆ ಪೈಪ್ ಮಡಚಿಕೊಂಡು ನೀರು ನಿಲ್ಲುತ್ತದೆ. ಇಷ್ಟು ಎತ್ತರದ್ದು ಮೇಲಿನ ಕಪಾಟಿಗೆ ತಾಗುತ್ತದೆ, ನಾವು ಆ ಭಾಗದ ಕಪಾಟು ಬಿಚ್ಚಿಸಿ ಪಕ್ಕದ ಗೋಡೆಗೆ ಹಾಕಿಸಿದೆವು. ಕಪಾಟು ಬಿಚ್ಚಿಸಲು ಆಗದವರು 6 ಸೆಟ್ಟಿಂಗ್‌ನದು ನೋಡಬಹುದು, ಅದರ ಎತ್ತರ 44 ಸೆಂಟಿಮೀಟರ್ ಆಸುಪಾಸು. ಬಾಗಿಲು ಕೆಳಮುಖವಾಗಿ ತೆರೆಯುತ್ತದೆ, ತೆರೆದಾಗ ಒಂದು ಅಡಿಗಿಂತ ಜಾಸ್ತಿ ಮುಂದಕ್ಕೆ ಬರುತ್ತದೆ. ಕಟ್ಟೆಯ ಎದುರಿಗೇ ಫ್ರಿಜ್ ಇದ್ದರೆ ನಿಲ್ಲೋಕೂ ಜಾಗ ಇರೋದಿಲ್ಲ.

ಅಂಗಡಿಗೆ ಹೋಗುವಾಗ ದಯವಿಟ್ಟು ಮನೆಯ ತಟ್ಟೆಯೊಂದನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ. 8 ಪ್ಲೇಸ್ ಸೆಟ್ಟಿಂಗ್ ಅಂದರೆ ಎಂಟು ಜನರ ಊಟದ ಪಾತ್ರೆ ಅಂತ ನಾವು ತಿಳಿದಿದ್ದೆವು. ಆ ಲೆಕ್ಕ ಯೂರೋಪಿನ ಊಟದ್ದು: ಚಪ್ಪಟೆ ಪಿಂಗಾಣಿ ತಟ್ಟೆ, ಸೂಪಿನ ತಟ್ಟೆ, ಕಪ್ಪು, ಸಾಸರ್, ಚಮಚ. ಅದರಲ್ಲಿ ಅನ್ನ ಮಾಡಿದ ಬೋಗುಣಿ ಇಲ್ಲ, ಸಾರಿನ ಪಾತ್ರೆ ಇಲ್ಲ, ಮೊಸರಿನ ಗಡಿಗೆ ಇಲ್ಲ. ನಮ್ಮ ಲೆಕ್ಕಕ್ಕೆ ಇದು ನಾಲ್ಕು ಜನರ ಒಂದು ಹೊತ್ತಿನ ಮಷೀನು. ನಮ್ಮ ದಿನದ ಸ್ಟೀಲ್ ತಟ್ಟೆ 25 ಸೆಂಟಿಮೀಟರ್, ಆರಾಮಾಗಿ ನಿಲ್ಲುತ್ತದೆ. ಅತ್ತೆಯ ತವರಿಂದ ಬಂದ ಅಂಚು ಎತ್ತರದ ಗಂಗಾಳ ನಿಲ್ಲಲೇ ಇಲ್ಲ, ಒಳಗೆ ತಿರುಗುತ್ತಾ ನೀರು ಚಿಮ್ಮುವ ರೆಕ್ಕೆಗೆ ಬಡಿಯುತ್ತದೆ. ಅದು ಈಗಲೂ ಕೈಯಲ್ಲೇ.

ಕರೆಂಟಿಗೆ 16 ಆಂಪಿನ ಸಾಕೆಟ್ ಬೇಕು. ಎಕ್ಸ್‌ಟೆನ್ಷನ್ ಬಾಕ್ಸಿನಲ್ಲಿ ಹಾಕಲೇಬೇಡಿ. ಒಳಗೆ ನೀರು ಕಾಯಿಸುವ ಹೀಟರ್ ಇದೆ, ಅಷ್ಟು ಹೊರೆಗೆ ತೆಳು ವೈರು ಬಿಸಿಯಾಗುತ್ತದೆ.

ಈಗ ತೊಂದರೆ ಶುರುವಾದ ಕಡೆಗೆ ಬರುತ್ತೇನೆ. ಜೋಡಿಸಿ ಹೋದ ಮರುದಿನವೇ ಮಷೀನು ಕೀಂ ಕೀಂ ಅಂತ ಕೂಗಿ ನಿಂತಿತು. ಪರದೆ ಮೇಲೆ ನೀರು ಬರುತ್ತಿಲ್ಲ ಅನ್ನುವ ಗುರುತು. ನಲ್ಲಿ ತಿರುಗಿಸಿದರೆ ನೀರು ಬರುತ್ತಿದೆ, ಅಲ್ವಾ, ಮತ್ತೆ ಏನು ಕಡಿಮೆ? ಸರ್ವಿಸ್‌ಗೆ ಫೋನ್ ಮಾಡಿದರೆ ನಾಳೆ, ನಾಡಿದ್ದು ಅಂತ ಒಂಬತ್ತು ದಿನ ಕಳೆಯಿತು. ಅಷ್ಟು ದುಡ್ಡು ಕೊಟ್ಟು ತಂದ ಹೊಸ ವಸ್ತು ಬಟ್ಟೆ ಹೊದ್ದುಕೊಂಡು ಕೂತಿದ್ದನ್ನು ನೋಡಿ ನನಗೆ ನಿಜವಾಗಿ ಸಿಟ್ಟು ಬಂದಿತ್ತು. ಕೊನೆಗೆ ಬಂದ ಹುಡುಗ ಹತ್ತೇ ನಿಮಿಷದಲ್ಲಿ ಹೇಳಿದ, ಮೇಡಂ ಇದು ಮಷೀನಿನ ತಪ್ಪಲ್ಲ, ನಿಮ್ಮದು ಮೇಲಿನ ಮಹಡಿ, ಒತ್ತಡ ಸಾಲುತ್ತಿಲ್ಲ.

ಇದನ್ನು ಅಂಗಡಿಯಲ್ಲಿ ಯಾರೂ ಕೇಳಿರಲಿಲ್ಲ. ಲೆಕ್ಕ ಸುಲಭ. 10 ಮೀಟರ್ ಎತ್ತರದಿಂದ ಇಳಿಯುವ ನೀರಿಗೆ ಸುಮಾರು 1 ಬಾರ್ ಒತ್ತಡ. ಟೆರೇಸ್ ಮೇಲಿನ ಸಿಂಟೆಕ್ಸ್ ಟ್ಯಾಂಕಿನ ತಳಕ್ಕೂ ನಮ್ಮ ಅಡುಗೆಮನೆ ನಲ್ಲಿಗೂ ಎರಡೂವರೆ ಮೀಟರ್ ಅಂತರ, ಅಂದರೆ ಕಾಲು ಬಾರ್. ಮಷೀನಿನ ಪುಸ್ತಕದಲ್ಲಿ ಕನಿಷ್ಠ 0.4 ಬಾರ್ ಅಂತ ಬರೆದಿದೆ. ಕೊಡ ತುಂಬೋಕೆ ಸಾಕಾಗುವ ನೀರು ಮಷೀನಿಗೆ ಸಾಲದು. ಅದು ಕೆಲವು ನಿಮಿಷ ಕಾದು ಬೇಕಾದಷ್ಟು ನೀರು ಬರದಿದ್ದರೆ ನಿಂತುಬಿಡುತ್ತದೆ. ನೆಲಮಹಡಿ, ಮೊದಲ ಮಹಡಿಯವರಿಗೆ ಈ ತೊಂದರೆ ಸಾಮಾನ್ಯವಾಗಿ ಬರುವುದಿಲ್ಲ. ನಾವು ಅಡುಗೆಮನೆ ಲೈನಿಗೆ ಒಂದು ಸಣ್ಣ ಪ್ರೆಶರ್ ಪಂಪ್ ಹಾಕಿಸಿದೆವು, ಪ್ಲಂಬರ್ ಕೂಲಿ ಸೇರಿ 3,800 ರೂಪಾಯಿ. ಮೇಲಿನ ಮಹಡಿಯವರು ಈ ಖರ್ಚನ್ನೂ ಮಷೀನಿನ ಬೆಲೆಗೆ ಸೇರಿಸಿಕೊಂಡೇ ಯೋಚಿಸಿ. ಚೊಂಬಿನಿಂದ ನೀರು ತುಂಬುವ, ಒಳಗೇ ಪುಟ್ಟ ಟ್ಯಾಂಕ್ ಇರುವ ಮಾದರಿಗಳೂ ಇವೆ. ಬಾಡಿಗೆ ಮನೆಯವರಿಗೆ ಅದೇ ವಾಸಿ, ಆದರೆ ಅವು ಇನ್ನೂ ಚಿಕ್ಕವು.

ಆಮೇಲೆ ಬಂದದ್ದು ಬಿಳಿ ಪೊರೆ. ಮೂರನೇ ವಾರಕ್ಕೆ ಗಾಜಿನ ಲೋಟಗಳೆಲ್ಲ ಮಂಜು ಹಿಡಿದ ಹಾಗೆ ಆದವು. ಸ್ಟೀಲ್ ತಟ್ಟೆ ಒಣಗಿದ ಮೇಲೆ ಬೆರಳಲ್ಲಿ ಗೀಚಿದರೆ ಸುಣ್ಣದ ಹಾಗೆ ಗೆರೆ ಮೂಡುತ್ತಿತ್ತು. ಅತ್ತೆ ತಟ್ಟೆಯನ್ನು ಕಿಟಕಿ ಬೆಳಕಿಗೆ ಹಿಡಿದು ನೋಡಿ, ಏನೂ ಮಾತಾಡದೆ, ನಲ್ಲಿ ಕೆಳಗೆ ಇಟ್ಟು ಮತ್ತೊಮ್ಮೆ ತೊಳೆದರು. ನನಗೆ ಬಹಳ ಬೇಜಾರಾಯಿತು.

ಕಾರಣ ನಮ್ಮ ಬೋರ್ ನೀರು. ಊರಿಗೆ ಅಲ್ಲೀಪುರ ಕೆರೆಯಿಂದ ಬರುವ ತುಂಗಭದ್ರಾ ನೀರು ಮೆದು. ಆದರೆ ಅದು ಬಿಡುವ ದಿನ ಬಿಟ್ಟರೆ ನಮ್ಮ ಅಪಾರ್ಟ್‌ಮೆಂಟಿನ ಟ್ಯಾಂಕಿಗೆ ಬೋರ್ ನೀರೇ ಏರುವುದು. 2023ರಲ್ಲಿ ಮಳೆ ಕೈಕೊಟ್ಟಿತ್ತಲ್ಲ, ಅದರ ಮುಂದಿನ ಬೇಸಿಗೆಯಲ್ಲಂತೂ ಬರೀ ಬೋರ್. ಮಷೀನ್ ಮಾರಿದವರು ಉಪ್ಪು ಗಿಪ್ಪು ಏನೂ ಬೇಡ, ಮಷೀನಿಗೆ ಹಾಕುವ ಸೋಪಿನ ಟ್ಯಾಬ್ಲೆಟ್‌ನಲ್ಲೇ ಎಲ್ಲಾ ಇದೆ ಅಂದಿದ್ದರು. ಅದನ್ನು ನಂಬಿದ್ದೇ ತಪ್ಪಾಯಿತು. ಕಾಲೇಜಿನ ಲ್ಯಾಬಿನಲ್ಲಿ ಕೆಮಿಸ್ಟ್ರಿ ಮೇಡಂ ಹತ್ತಿರ ಬಾಟಲಿ ನೀರು ಕೊಟ್ಟು ಪರೀಕ್ಷೆ ಮಾಡಿಸಿದೆ. ಲೀಟರಿಗೆ 450 ಮಿಲಿಗ್ರಾಂ ಗಡಸುತನ, ಅಂದರೆ ಪೊರೆ ಕಟ್ಟುವ ಸುಣ್ಣದಂಥ ಲವಣ ಅಷ್ಟಿದೆ. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಇದು 200ರ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ. ಮಷೀನಿನ ಪುಸ್ತಕದಲ್ಲಿ ಗಡಸುತನವನ್ನು ಜರ್ಮನ್ ಡಿಗ್ರಿಯಲ್ಲಿ ಕೊಟ್ಟಿರುತ್ತಾರೆ. 450 ಅನ್ನು 17.8ರಿಂದ ಭಾಗಿಸಿ, 25 ಬರುತ್ತದೆ. ಎಲ್ಲಾ ಒಂದರಲ್ಲೇ ಅನ್ನುವ ಟ್ಯಾಬ್ಲೆಟ್‌ಗಳು ಸಾಮಾನ್ಯವಾಗಿ 21 ಡಿಗ್ರಿವರೆಗೆ ಮಾತ್ರ ಅಂತ ಡಬ್ಬದ ಹಿಂದೆ ಸಣ್ಣಕ್ಷರದಲ್ಲಿ ಇರುತ್ತದೆ. ನಾವು ಅದನ್ನು ದಾಟಿಬಿಟ್ಟಿದ್ದೆವು. ಇನ್ನೊಂದು ಮಾತು, ಆರ್‌ಓ ಫಿಲ್ಟರ್ ಮಾರುವವರು ತೋರಿಸುವ ಟಿಡಿಎಸ್ ಅಂಕಿ ಇದಲ್ಲ. ಟಿಡಿಎಸ್‌ನಲ್ಲಿ ಎಲ್ಲಾ ಲವಣ ಸೇರಿರುತ್ತದೆ, ಪೊರೆ ಕಟ್ಟುವುದು ಕ್ಯಾಲ್ಸಿಯಂ, ಮೆಗ್ನೀಷಿಯಂ.

ಮಷೀನಿನ ತಳದಲ್ಲಿ ತಿರುಗಿಸಿ ತೆಗೆಯುವ ಒಂದು ಮುಚ್ಚಳ ಇದೆ, ಅದೇ ಉಪ್ಪಿನ ಗೂಡು. ಅದರ ಪಕ್ಕದಲ್ಲಿ ರಾಳದ ಸಣ್ಣ ಮಣಿಗಳಿರುತ್ತವೆ. ನೀರು ಅವುಗಳ ನಡುವೆ ಹಾದು ಬರುವಾಗ ಕ್ಯಾಲ್ಸಿಯಂ, ಮೆಗ್ನೀಷಿಯಂ ಮಣಿಗೆ ಅಂಟಿಕೊಂಡು ಅವುಗಳ ಜಾಗದಲ್ಲಿ ಸೋಡಿಯಂ ಹೊರಬರುತ್ತದೆ, ನೀರು ಮೆದುವಾಗುತ್ತದೆ. ಮಣಿಗಳು ತುಂಬಿದಾಗ ಅವನ್ನು ತೊಳೆದು ಮತ್ತೆ ತಯಾರು ಮಾಡುವುದು ಉಪ್ಪಿನ ನೀರು. ಉಪ್ಪಿಲ್ಲದಿದ್ದರೆ ಮಣಿಗಳು ತುಂಬಿಕೊಂಡು ಸುಮ್ನೆ ಕೂರುತ್ತವೆ, ಗಡಸು ನೀರು ನೇರ ತಟ್ಟೆಗೆ ಬರುತ್ತದೆ. ನಮ್ಮಲ್ಲಿ ಆದದ್ದು ಅದೇ.

ಉಪ್ಪು ಹಾಕುವ ರೀತಿ ಹೀಗೆ. ಮೊದಲ ಸಲ ಗೂಡಿಗೆ ಒಂದು ಲೀಟರ್ ನೀರು, ಆಮೇಲೆ ಹತ್ತಿರ ಹತ್ತಿರ ಒಂದು ಕಿಲೋ ಡಿಶ್‌ವಾಷರ್ ಉಪ್ಪು. ನೀರು ಉಕ್ಕಿ ಹೊರಬರುತ್ತದೆ, ಹೆದರಬೇಡಿ. ಒರೆಸಿ, ತಕ್ಷಣ ಖಾಲಿ ಮಷೀನನ್ನು ಒಂದು ಸಲ ಓಡಿಸಿ. ಚೆಲ್ಲಿದ ಉಪ್ಪು ರಾತ್ರಿಯಿಡೀ ಹಾಗೇ ಕೂತರೆ ಸ್ಟೀಲಿಗೆ ತುಕ್ಕಿನ ಚುಕ್ಕೆ ಬೀಳುತ್ತದೆ. ಅಡುಗೆ ಪುಡಿ ಉಪ್ಪು ಹಾಕಬೇಡಿ, ಅದರಲ್ಲಿ ಗಂಟು ಕಟ್ಟದಿರಲು ಬೆರೆಸಿದ ಪುಡಿ ಇರುತ್ತದೆ, ಗೂಡು ಕಟ್ಟಿಕೊಳ್ಳುತ್ತದೆ. ಈ ಉಪ್ಪಿಗಾಗಿ ನಾನು ಬೆಂಗಳೂರು ರಸ್ತೆಯ ಅಂಗಡಿಗಳನ್ನು ಒಂದು ಸಂಜೆ ಪೂರ್ತಿ ಸುತ್ತಿದೆ, ಆ ದಿನ ಸಿಗಲಿಲ್ಲ. ಆನ್‌ಲೈನ್‌ನಲ್ಲಿ ತರಿಸಿದೆ. ಈಗ ಯಾವಾಗಲೂ ಎರಡು ಪ್ಯಾಕೆಟ್ ಮುಂಚೆಯೇ ಇಟ್ಟಿರುತ್ತೇನೆ. ಗಡಸುತನದ ಸೆಟ್ಟಿಂಗ್ ಕೂಡ ಕಂಪನಿಯಿಂದ ನಡುಮಟ್ಟದಲ್ಲಿ ಬಂದಿತ್ತು, ಅದನ್ನು ಎಲ್ಲಕ್ಕಿಂತ ಮೇಲಕ್ಕೆ ಏರಿಸಿದೆ. ಕೆರೆ ನೀರು ಬರುವ ವಾರ ಅಷ್ಟು ಬೇಕಿಲ್ಲ, ಆದರೆ ವಾರವಾರ ಯಾರು ಬದಲಾಯಿಸುತ್ತಾ ಕೂರುತ್ತಾರೆ, ಬೋರ್ ನೀರಿನ ಲೆಕ್ಕಕ್ಕೇ ಇಟ್ಟಿದ್ದೇನೆ.

ಹತ್ತು ದಿನದಲ್ಲಿ ಲೋಟ ಪಳಪಳ ಅನ್ನತೊಡಗಿದವು. ಎರಡು ಲೋಟದ ಮಂಜು ಮಾತ್ರ ಹೋಗಲಿಲ್ಲ. ಅರ್ಧ ನಿಂಬೆಹಣ್ಣಿನಿಂದ ಉಜ್ಜಿ ನೋಡಿ, ಹೋದರೆ ಅದು ಸುಣ್ಣ, ಹೋಗದಿದ್ದರೆ ಗಾಜೇ ಸವೆದಿದೆ ಅಂತ ಅರ್ಥ. ತಿಂಗಳಿಗೊಮ್ಮೆ ಎರಡು ಮೂರು ಚಮಚ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಹಾಕಿ ಖಾಲಿ ಮಷೀನು ಓಡಿಸುತ್ತೇನೆ, ಒಳಗಿನ ಹೀಟರಿಗೆ ಕಟ್ಟಿದ ಸುಣ್ಣ ಬಿಡುತ್ತದೆ.

ಇಷ್ಟೆಲ್ಲ ಆದರೂ ಅತ್ತೆಗೆ ಒಂದು ಅನುಮಾನ ಉಳಿದಿತ್ತು. "ಒಳಗ ಏನು ನಡೀತೈತಿ ಕಾಣಂಗಿಲ್ಲ. ಅದಾ ಮುಸುರಿ ನೀರಾಗ ತಿರುಗಿ ತಿರುಗಿ ತೊಳಿತೈತೇನವ್ವ?" ಅಂತ ಕೇಳಿದರು. ಒಳ್ಳೆಯ ಪ್ರಶ್ನೆ. ಮಷೀನು ಎರಡು ಮೂರು ಲೀಟರ್ ನೀರನ್ನೇ ಮತ್ತೆ ಮತ್ತೆ ಚಿಮ್ಮಿಸುತ್ತದೆ ಅನ್ನೋದು ನಿಜ, ಆದರೆ ಒಂದೊಂದು ಹಂತ ಮುಗಿದ ಮೇಲೆ ಅದನ್ನು ಚೆಲ್ಲಿ ಹೊಸ ನೀರು ತಗೊಳ್ಳುತ್ತದೆ. ಬಾಯಲ್ಲಿ ಹೇಳಿದರೆ ಸಾಲದು ಅಂತ ಒಂದು ರಾತ್ರಿ ಸಿಂಕಿನೊಳಗೆ ಬಕೆಟ್ ಇಟ್ಟು, ಹೊರಹೋಗುವ ಪೈಪನ್ನು ಅದಕ್ಕೆ ಬಿಟ್ಟು, ಇಬ್ಬರೂ ಸ್ಟೂಲ್ ಹಾಕಿಕೊಂಡು ಕೂತೆವು. ಅವತ್ತು ಬದನೆಕಾಯಿ ಎಣ್ಣೆಗಾಯಿ, ರೊಟ್ಟಿ, ಅನ್ನ, ಸಾರು. ಮೊದಲ ನೀರು ಕೆಂಪಗೆ, ಮೇಲೆ ಎಣ್ಣೆ ತೇಲುತ್ತಿತ್ತು, ಒಂದು ಕರಿಬೇವಿನ ಚೂರೂ ಬಂತು. ಎರಡನೆಯದು ಬಿಸಿ, ಹಳದಿ, ಸೋಪಿನ ನೊರೆ. ಮೂರನೆಯದು ಅಕ್ಕಿ ತೊಳೆದ ನೀರಿನ ಹಾಗೆ. ಕೊನೆಯದನ್ನು ಅತ್ತೆ ಲೋಟದಲ್ಲಿ ಹಿಡಿದು ಬಲ್ಬಿಗೆ ಎತ್ತಿ ನೋಡಿದರು, ತಿಳಿಯಾಗಿತ್ತು. "ಹ್ಞೂಂ, ಆತು ಬಿಡು" ಅಂದರು. ಆಮೇಲೆ ತಟ್ಟೆಯನ್ನು ಮತ್ತೊಮ್ಮೆ ತೊಳೆದಿಲ್ಲ.

ಆ ರಾತ್ರಿ ಅಳೆದಾಗ ಒಟ್ಟು ನೀರು 8 ಲೀಟರ್ ಚಿಲ್ಲರೆ. ಹಿಂದೆ ಇಷ್ಟೇ ಪಾತ್ರೆಗೆ ನಲ್ಲಿ ಬಿಟ್ಟುಕೊಂಡು ತೊಳೆದಾಗ ಎರಡು ದೊಡ್ಡ ಬಕೆಟ್ ಖಾಲಿಯಾಗುತ್ತಿತ್ತು, ಅಂದರೆ 35ರಿಂದ 40 ಲೀಟರ್. ನೀರು ಬಿಡುವ ದಿನವನ್ನು ಎಣಿಸುತ್ತಾ ಬದುಕುವ ಊರಿನವರಿಗೆ ಈ ವ್ಯತ್ಯಾಸ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿಹೋಗಿ, ತುಂಬಿದ ಡ್ಯಾಮಿನ ನೀರು ನದಿಗೆ ಸುಮ್ನೆ ಹರಿದುಹೋಗುವುದನ್ನು ಟಿವಿಯಲ್ಲಿ ನೋಡುತ್ತಾ ಕೂತಿದ್ದಾಗ, ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎಲ್ಲರೂ ಟ್ಯಾಂಕಿನ ಲೆಕ್ಕ ಹಾಕತೊಡಗಿದ್ದರು. ಆ ವಾರ ಈ ಮಷೀನಿನ ಮೇಲೆ ನನಗಿದ್ದ ಪ್ರೀತಿ ಇನ್ನೂ ಜಾಸ್ತಿಯಾಯಿತು. ಮಷೀನಿನಿಂದ ಬಕೆಟ್‌ಗೆ ಹಿಡಿದ ನೀರನ್ನು ಗಿಡಕ್ಕೆ ಹಾಕಬೇಡಿ, ಉಪ್ಪು ಸೋಪು ಇರುತ್ತದೆ. ಟಾಯ್ಲೆಟ್‌ಗೆ ಸುರಿಯಬಹುದು. ಬಕೆಟನ್ನು ನೆಲದ ಮೇಲೂ ಇಡಬೇಡಿ, ಪೈಪಿನ ಬಾಯಿ ಮಷೀನಿಗಿಂತ ಕೆಳಗೆ ಹೋದರೆ ತೊಳೆಯುವ ನೀರೇ ಸೋರಿ ಖಾಲಿಯಾಗುತ್ತದೆ. ಆ ಪೈಪನ್ನು ಸಿಂಕಿಗೆ ಭದ್ರವಾಗಿ ಕಟ್ಟಬೇಕು. ಒಂದು ರಾತ್ರಿ ಪಂಪ್ ನೀರು ತಳ್ಳಿದ ರಭಸಕ್ಕೆ ಪೈಪ್ ಎಗರಿ ಹೊರಬಿದ್ದು, ಬೆಳಿಗ್ಗೆ ಎದ್ದು ನೋಡಿದರೆ ಅಡುಗೆಮನೆಯಿಂದ ಹಾಲಿನವರೆಗೆ ನೀರು. ರೊಟ್ಟಿ ಹಿಟ್ಟಿನ ಚೀಲ ಕೆಳಗಿತ್ತು, ಐದು ಕಿಲೋ ಜೋಳದ ಹಿಟ್ಟು ಹಾಳಾಯಿತು.

ತೊಳೆಯುವ ಗುಣ ಹೇಗೆ ಅಂತ ಕೇಳಿದರೆ, ಎಣ್ಣೆಗಾಯಿಯ ಜಿಡ್ಡು, ಮೊಸರು, ಸಾರು, ಟೀ ಕಲೆ ಒಂದೂ ನಿಲ್ಲುವುದಿಲ್ಲ. 70 ಡಿಗ್ರಿ ಬಿಸಿಯ ಪ್ರೋಗ್ರಾಂ ಇದೆ, ಕೈಯಲ್ಲಿ ಯಾರೂ ಅಷ್ಟು ಬಿಸಿ ನೀರು ಮುಟ್ಟಲಾರರು. ಹಠ ಮಾಡುವುದು ಒಣಗಿದ ಅನ್ನದ ಗಂಜಿ. ಸೋನಾ ಮಸೂರಿ ಅಗುಳು ತಟ್ಟೆಯ ಅಂಚಿಗೆ ಒಣಗಿ ಅಂಟಿದರೆ ಒಮ್ಮೊಮ್ಮೆ ಹಾಗೇ ಬರುತ್ತದೆ. ಊಟ ಆದ ಕೂಡಲೇ ತಟ್ಟೆಗೆ ಒಂದು ಹನಿ ನೀರು ಹಾಕಿಟ್ಟರೆ ಸಾಕು. ಪೂರ್ತಿ ತೊಳೆದು ಹಾಕುವುದು ಬೇಡ, ಅನ್ನ, ಚಟ್ನಿ ಕೆಡವಿ ಹಾಕಿ. ಇನ್ನೊಂದು ಶತ್ರು ಸಾಸಿವೆ. ನಮ್ಮ ಎಲ್ಲಾ ಅಡುಗೆಗೂ ಒಗ್ಗರಣೆ ಬೇಕು, ಸಾಸಿವೆ ಕಾಳು ಸರಿಯಾಗಿ ಆ ರೆಕ್ಕೆಯ ತೂತಿನ ಅಳತೆಯದೇ. ಮೇ ತಿಂಗಳಲ್ಲಿ ಒಂದು ಮೂಲೆಯ ತಟ್ಟೆಗಳು ಮಾತ್ರ ಕೊಳಕಾಗಿ ಬರತೊಡಗಿದಾಗ ರೆಕ್ಕೆ ಬಿಚ್ಚಿ ನೋಡಿದೆ. ಐದು ತೂತಿನಲ್ಲಿ ಐದು ಸಾಸಿವೆ, ಮುತ್ತು ಕೂರಿಸಿದ ಹಾಗೆ. ಪೊರಕೆ ಕಡ್ಡಿಯಿಂದ ಚುಚ್ಚಿ ತೆಗೆದೆ. ಈಗ ಪ್ರತಿ ಭಾನುವಾರ ತಳದ ಜಾಲರಿ ಮತ್ತು ರೆಕ್ಕೆ ಎರಡನ್ನೂ ತೊಳೆಯುತ್ತೇನೆ, ಐದು ನಿಮಿಷದ ಕೆಲಸ.

ಹಾಕಬಾರದ್ದೂ ಇದೆ. ಅಲ್ಯೂಮಿನಿಯಂ ಪಾತ್ರೆ ಕಪ್ಪಾಗುತ್ತದೆ, ಅಲ್ಯೂಮಿನಿಯಂ ಕುಕ್ಕರೂ ಅಷ್ಟೇ. ರೊಟ್ಟಿ ಹಂಚು ಕಬ್ಬಿಣದ್ದು, ಪಳಗಿದ ಎಣ್ಣೆ ಪದರ ಹೋಗಿ ತುಕ್ಕು ಹಿಡಿಯುತ್ತದೆ. ಹಿತ್ತಾಳೆ, ತಾಮ್ರ, ಮರದ ಸೌಟು, ಲಟ್ಟಣಿಗೆ, ಮಣೆ ಬೇಡ. ಪ್ಲಾಸ್ಟಿಕ್ ಡಬ್ಬಿ ಹಾಕಬಹುದು, ಆದರೆ ಒದ್ದೆಯಾಗಿಯೇ ಉಳಿಯುತ್ತದೆ, ಅರಿಶಿನದ ಕಲೆಯೂ ಹೋಗುವುದಿಲ್ಲ. ಸಿಂಕಿನ ಪಕ್ಕ ಇಟ್ಟಿರುವ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿಯೂ ಒಳಗೆ ಹೋಗಬಾರದು, ನೊರೆ ಬಾಗಿಲ ಸಂದಿಯಿಂದ ಹೊರಗೆ ಬರುತ್ತದೆ. ಟ್ಯಾಬ್ಲೆಟ್ 12, 14 ಸೆಟ್ಟಿಂಗ್‌ನ ದೊಡ್ಡ ಮಷೀನಿನ ಅಳತೆಯದು, ಇದಕ್ಕೆ ಪುಡಿಯೇ ಸರಿ. ಒಂದು ಸಲಕ್ಕೆ ಸುಮಾರು 12 ಗ್ರಾಂ ಹಾಕುತ್ತೇನೆ, ಒಂದು ಕಿಲೋ 80 ಸಲಕ್ಕೆ ಬರುತ್ತದೆ. ಕರೆಂಟು ಒಂದು ಸಲಕ್ಕೆ ಒಂದು ಯೂನಿಟ್ ಆಸುಪಾಸು. ಬೇಸಿಗೆಯಲ್ಲಿ ಇನ್ನೂ ಸ್ವಲ್ಪ ಕಡಿಮೆ, ನಮ್ಮ ಊರ ಬಿಸಿಲಿಗೆ ಟ್ಯಾಂಕಿನ ನೀರೇ ಅರ್ಧ ಕಾದಿರುತ್ತದೆ. ಕರೆಂಟು ಹೋಗಿ ಬಂದರೆ ನಮ್ಮ ಮಷೀನು ನಿಂತಲ್ಲಿಂದಲೇ ಮುಂದುವರಿಯುತ್ತದೆ. ಸದ್ದು ಪರವಾಗಿಲ್ಲ, ಹಗಲಲ್ಲಿ ಓಡಿಸಿದರೂ ರಾತ್ರಿ ಶಿಫ್ಟ್ ಮುಗಿಸಿ ಬಂದು ಮಲಗಿದ ನಮ್ಮ ಮನೆಯವರಿಗೆ ಎಚ್ಚರ ಆಗಿಲ್ಲ. ಆದರೆ ಮೇ ತಿಂಗಳಲ್ಲಿ ಮುಗಿದ ಕೂಡಲೇ ಬಾಗಿಲು ತೆರೆದರೆ ಹಬೆ ಮುಖಕ್ಕೆ ಬಡಿದು ಅಡುಗೆಮನೆಯಲ್ಲಿ ನಿಲ್ಲಲಾಗುವುದಿಲ್ಲ. ಮಲಗುವ ಮುಂಚೆ ಹಾಕಿ ಬೆಳಿಗ್ಗೆ ತೆಗೆಯಿರಿ.

ಮಷೀನಿಗೆ ನಾವು ಕೊಟ್ಟಿದ್ದು 24,000 ರೂಪಾಯಿ, ಪಂಪು, ಕಪಾಟಿನ ಕೆಲಸ ಬೇರೆ. ಆರೇಳು ಜನ ಇರುವ ಮನೆಗೆ, ದಿನಾ ದೊಡ್ಡ ಬೋಗುಣಿಗಳಲ್ಲಿ ಅಡುಗೆ ಮಾಡುವವರಿಗೆ ಇದು ಸಾಲದು, ದೊಡ್ಡದನ್ನೇ ನೋಡಿ. ಇಬ್ಬರು, ಮೂವರು, ನಾಲ್ವರಿಗೆ ಧಾರಾಳವಾಗಿ ಸಾಕು.

ಮೆಣಸಿನಕಾಯಿ ಕೆಲಸ ಮುಗಿಸಿ ಅಕ್ಕ ಮಾರ್ಚಿನಲ್ಲಿ ವಾಪಸ್ ಬಂದಾಗ ನನಗೆ ಒಂದು ಅಳುಕಿತ್ತು. ಅವರ ಸಂಬಳ ಕಡಿಮೆ ಮಾಡಲಿಲ್ಲ. ಈಗ ಅವರು ಹಂಚು, ಕುಕ್ಕರ್, ಗಂಗಾಳ ತೊಳೆದು, ಮಷೀನಿನಿಂದ ಪಾತ್ರೆ ತೆಗೆದು ಜೋಡಿಸುತ್ತಾರೆ. ಬಟ್ಟಲುಗಳನ್ನು ನಾನು ಬೋರಲು ಇಡುತ್ತಿದ್ದೆ, ತಳದ ತಗ್ಗಿನಲ್ಲಿ ಯಾವಾಗಲೂ ನೀರು ನಿಂತಿರುತ್ತಿತ್ತು. ಅಕ್ಕ ಅವನ್ನು ಓರೆಯಾಗಿ, ಬಾಯಿ ರೆಕ್ಕೆಯ ಕಡೆಗೆ ಬರುವ ಹಾಗೆ ಒಂದರ ಪಕ್ಕ ಒಂದು ಆನಿಸಿ ಇಟ್ಟು ತೋರಿಸಿದರು. ಆವತ್ತಿಂದ ನಾಲ್ಕು ಬಟ್ಟಲು ಜಾಸ್ತಿ ಹಿಡಿಯುತ್ತವೆ, ತಳವೂ ಒಣಗಿರುತ್ತದೆ.